ಶೇಡ್ ನೆಟ್ ತಡೆಯುವುದು ಬಿಸಿಲನ್ನು, ಬಿಳಿ ನೊಣವನ್ನಲ್ಲ

ಗುಂಡ್ಲುಪೇಟೆಯಿಂದ ಊಟಿ ರಸ್ತೆ ಹಿಡಿದರೆ ಬಂಡೀಪುರ ಕಾಡಿಗೆ ಮೊದಲು ಸಿಗುವ ಊರು ಹಂಗಳ. ಇಲ್ಲಿನ ಹೊಲಗಳಲ್ಲೂ ತಾಂತ್ರಿಕ ಜವಳಿ ಇದೆ. ಉಡಲಿಕ್ಕಲ್ಲದೆ ಒಂದು ಕೆಲಸಕ್ಕೆಂದೇ ತಯಾರಾಗುವ ಬಟ್ಟೆಗೆ ತಾಂತ್ರಿಕ ಜವಳಿ ಅನ್ನುತ್ತಾರೆ. ಟೊಮೆಟೊ, ಈರುಳ್ಳಿ, ಚೆಂಡು ಹೂ ಬೆಳೆಯುವ ಈ ಸೀಮೆಯಲ್ಲಿ ಅದು ಕಾಣುವುದು ಸಸಿಮಡಿಯ ಮೇಲಿನ ಹಸಿರು ಬಲೆಯಾಗಿ, ಅಂದರೆ ಶೇಡ್ ನೆಟ್ಟಾಗಿ.

ಇದರ ನೂಲು ಎಚ್‌ಡಿಪಿಇ, ಅಂದರೆ ಬಕೆಟ್ಟು, ಕೊಡ ಮಾಡುವ ಪ್ಲಾಸ್ಟಿಕ್ಕೇ. ಇದನ್ನು ಹಾಸು ಹೊಕ್ಕಿನಲ್ಲಿ ನೇಯುವುದಿಲ್ಲ, ಕುಣಿಕೆ ಹಾಕಿ ಹೆಣೆಯುತ್ತಾರೆ. ಸ್ವೆಟರಿನಲ್ಲಿ ಒಂದೇ ನೂಲು ಅಡ್ಡಡ್ಡ ಓಡುತ್ತದೆ. ಇಲ್ಲಿ ನೂರಾರು ನೂಲು ಉದ್ದಕ್ಕೆ ಸಾಗುತ್ತ ಒಂದಕ್ಕೊಂದು ಬಿಗಿದುಕೊಳ್ಳುತ್ತವೆ. ಹಾಗಾಗಿ ಚಪ್ಪರದ ಅಳತೆಗೆ ಕತ್ತರಿಸಿದರೂ ಅಂಚು ಬಿಚ್ಚಿಕೊಳ್ಳುವುದಿಲ್ಲ.

ಇದರ ಶತ್ರು ಬಿಸಿಲೇ. ಅತಿನೇರಳೆ ಕಿರಣ ಪ್ಲಾಸ್ಟಿಕ್ಕಿನ ಉದ್ದನೆಯ ಅಣುಸರಪಳಿಯನ್ನು ತುಂಡರಿಸುತ್ತದೆ. ಕಪ್ಪು ಬಲೆಯಲ್ಲಿ ಬೆರೆಸಿದ ಮಸಿ ಆ ಕಿರಣವನ್ನು ತಾನೇ ಹೀರಿಕೊಳ್ಳುತ್ತದೆ. ಹಸಿರು, ಬಿಳಿ ಬಲೆಗೆ ಬೇರೆ ರಕ್ಷಕ ಸೇರಿಸಲೇಬೇಕು. ಹಳೆ ಬಲೆಯ ಎಳೆಯೊಂದನ್ನು ಬೆರಳಲ್ಲಿ ಹೊಸಕಿ ನೋಡಿ: ಪುಡಿಯಾಗಿ ಉದುರಿದರೆ ಅದರ ಆಯಸ್ಸು ಮುಗಿದಿದೆ.

ಶೇಕಡ 50ರ ಬಲೆ ಅರ್ಧ ಬೆಳಕು ತಡೆಯುತ್ತದೆ, ಅಷ್ಟೇ. ನೆರಳು ಹೆಚ್ಚಿದ್ದಷ್ಟೂ ಒಳ್ಳೆಯದೆಂದು 75ರದ್ದು ಕಟ್ಟಿದರೆ ಟೊಮೆಟೊ ಸಸಿ ಬೆಳಕು ಹುಡುಕುತ್ತ ಸಣಕಲಾಗಿ ಉದ್ದಕ್ಕೆ ಬೆಳೆಯುತ್ತದೆ. ನಾಟಿ ಮಾಡಿದ ಮೇಲೆ ನೆಟ್ಟಗೆ ನಿಲ್ಲುವುದಿಲ್ಲ. ಒಳಗಿಳಿಯುವ ಬೆಳಕಿನ ಬಣ್ಣವನ್ನೇ ಬದಲಿಸಿ ಬೆಳವಣಿಗೆ ತಿದ್ದುವ ಕೆಂಪು, ಹಳದಿ ಬಲೆಗಳೂ ಇವೆ. ನಮ್ಮ ಸಸಿಮಡಿಗೆ ಅದರ ತುರ್ತಿಲ್ಲ.

ತುರ್ತಿರುವುದು ಬಿಳಿ ನೊಣದ್ದು. ಎಲೆ ಮುದುಡು ರೋಗದ ವೈರಸ್ಸನ್ನು ಹೊತ್ತು ತರುವುದು ಅದೇ, ಅಂಟಿದ ಗಿಡಕ್ಕೆ ಔಷಧಿಯಿಲ್ಲ. ಎಳೆ ಸಸಿಗೆ ತಗುಲಿದರೆ ಆ ಬೆಳೆ ಕೈಬಿಟ್ಟಂತೆಯೇ. ಶೇಡ್ ನೆಟ್ಟಿನ ಕಣ್ಣುಗಳಲ್ಲಿ ನೊಣ ಸಲೀಸಾಗಿ ನುಗ್ಗುತ್ತದೆ. ಅದಕ್ಕೆ ಬೇಕಾದ್ದು ಕೀಟ ತಡೆಯುವ ನೈಲಾನ್ ಬಲೆ. 40 ಮೆಶ್ ಅಂದರೆ ಒಂದು ಅಂಗುಲದಲ್ಲಿ 40 ಕಣ್ಣು. ನೂಲಿನ ದಪ್ಪ ಕಳೆದರೆ ಒಂದೊಂದು ಕಣ್ಣು ಅರ್ಧ ಮಿಲಿಮೀಟರಿಗೂ ಕಿರಿದು. ನೊಣ ಸುಮಾರು 1 ಮಿಲಿಮೀಟರು ಉದ್ದವಿದ್ದರೂ ಮೈ ತೆಳು, ಹಾಗಾಗಿ 50 ಮೆಶ್ ಹೆಚ್ಚು ಭದ್ರ. ಆದರೆ ಕಣ್ಣು ಕಿರಿದಾದಷ್ಟೂ ಗಾಳಿ ಆಡುವುದಿಲ್ಲ, ಒಳಗೆ ಸೆಕೆ ಏರುತ್ತದೆ. ಹಾಗಾಗಿ ಚಪ್ಪರವನ್ನು ಎತ್ತರಿಸಿ, ಮೇಲೂ ಸುತ್ತಲೂ ನೈಲಾನ್ ಬಲೆ ಕಟ್ಟಿ, ಅದರ ಮೇಲೆ ಶೇಡ್ ನೆಟ್ ಹಾಸಿ.

ಬಾಗಿಲು ಎರಡಿರಲಿ. ಹೊರಗಿನದನ್ನು ಮುಚ್ಚಿದ ಮೇಲೆಯೇ ಒಳಗಿನದನ್ನು ತೆರೆಯಬೇಕು, ನೀರು ಹಾಕಲು ಹೋಗುವ ಎರಡು ನಿಮಿಷಕ್ಕೂ.