ಬರದ ನಾಡಿಗೆ ಬಂದ ನೆರೆ

ಮಳೆಗಾಗಿ ಮುಗಿಲಿನತ್ತ ಮುಖವೆತ್ತಿ ನಿಲ್ಲುವುದೇ ಬಾಳಾಗಿರುವ ನಾಡಿನಲ್ಲಿ, ಅದೇ ಮುಗಿಲಿಗೆ ಹೆದರಿ ಜನ ತಮ್ಮ ಮನೆಗಳಿಂದ ಹೊರಗೋಡಿದರೆಂದರೆ ದೂರದವರಿಗೆ ನಂಬಿಕೆ ಬಾರದು. 2009ನೆಯ ಇಸವಿಯ ಸೆಪ್ಟೆಂಬರ್ ಕೊನೆಯ ಹಾಗೂ ಅಕ್ಟೋಬರ್ ಮೊದಲ ದಿನಗಳಲ್ಲಿ, ಇಂದು ವಿಜಯಪುರವೆನಿಸಿರುವ ಅಂದಿನ ಬಿಜಾಪುರ ಜಿಲ್ಲೆ ಇಂಥ ದಿನಗಳನ್ನು ಕಂಡಿತು.

ಇಂಡಿ, ಸಿಂದಗಿಗಳ ಅಂಚಿನಲ್ಲಿ ಭೀಮೆ. ಬಸವನ ಬಾಗೇವಾಡಿ, ಮುದ್ದೇಬಿಹಾಳಗಳ ಕಡೆಗೆ ಕೃಷ್ಣೆ. ನಡುವಿನ ಎರೆಭೂಮಿಯಲ್ಲಿ ಡೋಣಿ. ಇಷ್ಟು ನದಿಗಳಿದ್ದರೂ ಇಲ್ಲಿ ವರ್ಷದ ಸರಾಸರಿ ಮಳೆ 600 ಮಿಲಿಮೀಟರಿಗೂ ಕಡಿಮೆ. ‘ಡೋಣಿ ಬೆಳೆದರೆ ಓಣಿಯೆಲ್ಲ ಕಾಳು’ ಎಂಬ ಗಾದೆ ಆ ಕಣಿವೆಯ ಜೋಳದ ಸಮೃದ್ಧಿಯನ್ನು ಸಾರುತ್ತದೆ. ಆದರೆ ಹೂಳು ತುಂಬಿದ ಆ ನದಿ ಉಕ್ಕಿದಾಗ ನೀರು ದಂಡೆಯೊಳಗೆ ನಿಲ್ಲದೆ ಹೊಲಗಳಿಗೆ ಹರಡುತ್ತದೆ.

ಆ ವರ್ಷ ದೇಶದ ಮುಂಗಾರು ಶೇಕಡ 22ರಷ್ಟು ಕೊರತೆಯಿಂದ ಮುಗಿದಿತ್ತು. ಬರದ ಚಿಂತೆ ಮಾಸುವ ಮುನ್ನವೇ ಬಂಗಾಳ ಕೊಲ್ಲಿಯ ಕಡೆಯಿಂದ ಬಂದ ವಾಯುಭಾರ ಕುಸಿತವು ಉತ್ತರ ಕರ್ನಾಟಕದ ಮೇಲೆ ದಿನಗಟ್ಟಲೆ ಮಳೆ ಸುರಿಸಿತು. ಅದೇ ವಾರದ ಮೊದಲಿಗೆ, ಸೆಪ್ಟೆಂಬರ್ 26ರಂದು, ಫಿಲಿಪೈನ್ಸಿನ ಲುಜಾನ್ ದ್ವೀಪವನ್ನು ‘ಕೆತ್ಸಾನಾ’ ಚಂಡಮಾರುತ ಬಡಿದು, ಮನಿಲಾ ಪ್ರದೇಶದಲ್ಲಿ ಒಂದೇ ಹಗಲಿರುಳಿನಲ್ಲಿ 455 ಮಿಲಿಮೀಟರ್ ಮಳೆಯಾಗಿತ್ತು. ದ್ವೀಪವಾಸಿಗಳಿಗೆ ಬಿರುಗಾಳಿ ಹೊಸತಲ್ಲ. ಬಿಸಿಲಿಗೆಂದೇ ಮನೆ ಕಟ್ಟಿಕೊಂಡ ಬಿಜಾಪುರದ ಜನಕ್ಕೆ ಇಂಥ ಮಳೆ ಹೊಸತು.

ಆಪತ್ತು ಅಡಗಿದ್ದುದೂ ಆ ಮನೆಗಳಲ್ಲಿಯೇ. ದಪ್ಪ ಗೋಡೆ, ತೊಲೆ ಜಂತಿಗಳ ಮೇಲೆ ಹರವಿದ ಮಣ್ಣಿನ ಮಾಳಿಗೆ. ಬೇಸಗೆಯ ಉರಿಯಲ್ಲಿ ಒಳಗೆ ತಂಪು. ದಿನಗಟ್ಟಲೆ ನೆನೆದಾಗ ಮಾಳಿಗೆಯ ಮಣ್ಣು ನೀರು ಕುಡಿದು ಭಾರವಾಗುತ್ತದೆ, ಗೋಡೆ ಮೆತ್ತಗಾಗುತ್ತದೆ. ಕೊನೆಗೆ ಮನೆಯೇ ಮಲಗಿದವರ ಮೇಲೆ ಕುಸಿಯುತ್ತದೆ. ರಾಜ್ಯದಲ್ಲಿ ಸತ್ತವರು ಇನ್ನೂರಕ್ಕೂ ಹೆಚ್ಚು. ಹೊಳೆಯ ಸೆಳವಿಗೆ ಸಿಕ್ಕದಿದ್ದರೂ ತಮ್ಮದೇ ಗೋಡೆಯಡಿ ಪ್ರಾಣ ಬಿಟ್ಟವರು ಅವರಲ್ಲಿ ಬಹುಮಂದಿ.

ಊರುಗಳು ನಡುಗಡ್ಡೆಗಳಾದವು. ಭೂಸೇನೆ, ನೌಕಾಪಡೆ, ವಾಯುಪಡೆಗಳು ಉತ್ತರ ಕರ್ನಾಟಕದ ನೆರವಿಗೆ ಧಾವಿಸಿದವು. ಸೈನಿಕರು ದೋಣಿಗಳಲ್ಲಿ ಜನರನ್ನು ದಡ ಸೇರಿಸಿದರು. ಹೆಲಿಕಾಪ್ಟರುಗಳು ಸಿಕ್ಕಿಬಿದ್ದವರನ್ನು ಎತ್ತಿಕೊಂಡವು, ಅನ್ನದ ಪೊಟ್ಟಣಗಳನ್ನು ಇಳಿಸಿದವು. ನೀರಿನಿಂದ ಜನರನ್ನು ಪಾರುಮಾಡುವ ಕೆಲಸ ದಿನಗಳಲ್ಲಿ ಮುಗಿಯಿತು. ಅವರನ್ನು ಮತ್ತೆ ನೆಲೆಗೊಳಿಸುವ ಕೆಲಸ ಅಷ್ಟು ಬೇಗ ಮುಗಿಯುವಂಥದಾಗಿರಲಿಲ್ಲ.

ಸರ್ಕಾರವು ‘ಆಸರೆ’ ಯೋಜನೆಯಡಿ, ದಾನಿಗಳ ನೆರವಿನಿಂದ, ಎತ್ತರದ ನೆಲದಲ್ಲಿ ಹೊಸ ಮನೆಗಳನ್ನು ಕಟ್ಟಿಸಿತು. ಸಾವಿರಾರು ಕುಟುಂಬಗಳಿಗೆ ಗಟ್ಟಿ ಸೂರು ದೊರೆಯಿತು. ಆದರೂ ಹಲವೆಡೆ ಮನೆಗಳು ಬಹುಕಾಲ ಬರಿದಾಗಿ ನಿಂತವು. ರೈತನಿಗೆ ಮನೆಯೆಂದರೆ ನಾಲ್ಕು ಗೋಡೆಗಳಷ್ಟೇ ಅಲ್ಲ. ಎತ್ತು ಕಟ್ಟಲು ಕೊಟ್ಟಿಗೆ ಬೇಕು, ಬಣವೆಗೆ ಜಾಗ ಬೇಕು, ಹೊಲ ಹತ್ತಿರವಿರಬೇಕು. ಇವಿಲ್ಲದ ಕಡೆ ಜನ ಹಳೆಯ ಊರಿಗೇ ಮರಳಿದರು.

ಹನ್ನೊಂದು ವರ್ಷಗಳ ಮೇಲೆ ಕೊಲ್ಲಿ ಮತ್ತೆ ಮುನಿಯಿತು. 2020ರ ಅಕ್ಟೋಬರ್ 13ರಂದು ಕಾಕಿನಾಡದ ಬಳಿ ದಡವೇರಿದ ವಾಯುಭಾರ ಕುಸಿತವು ತೆಲಂಗಾಣ, ಉತ್ತರ ಕರ್ನಾಟಕಗಳನ್ನು ಹಾಯ್ದು ಮಹಾರಾಷ್ಟ್ರಕ್ಕೆ ನಡೆಯಿತು. ಅಲ್ಲಿನ ಮಳೆಗೆ ಉಜನಿ ಜಲಾಶಯದಿಂದ ನೀರು ಬಿಡಲೇಬೇಕಾಯಿತು. ಇಂಡಿ, ಸಿಂದಗಿ ಸೀಮೆಯ ಭೀಮಾತೀರದ ಹಳ್ಳಿಗಳು ಮತ್ತೆ ಜಲಾವೃತವಾದವು; ನೆರೆಯ ಕಲಬುರಗಿ ಜಿಲ್ಲೆಗೆ ಸೈನಿಕರು ಮತ್ತೆ ದೋಣಿಗಳೊಡನೆ ಬಂದರು.

ಕರೆ ಬಂದೊಡನೆ ಸೈನಿಕರು ಮುಂದೆಯೂ ಬಂದಾರು. ಆದರೆ ನಡುರಾತ್ರಿ ಕುಸಿಯುವ ಮಾಳಿಗೆಗಿಂತ ಮುಂಚೆ ಯಾವ ದೋಣಿಯೂ ಬಾರದು. ಸುರಕ್ಷಿತ ನೆಲದಲ್ಲಿ, ಬೇಸಗೆಗೆ ತಂಪಾಗಿ, ಮಳೆಗೆ ಗಟ್ಟಿಯಾಗಿ, ಎತ್ತುಗಳಿಗೂ ಎಡೆಯಿರುವ ಮನೆ ಈ ಸೀಮೆಯ ರೈತನಿಗೆ ದೊರೆಯಬೇಕು. ಅಂದು ಅವನು ಯಾವ ಅಂಜಿಕೆಯೂ ಇಲ್ಲದೆ ಮಳೆಯನ್ನು ಎದುರುನೋಡಿಯಾನು.