ಮ್ಯೂಲರ್ ಎಂಬ ಹೆಸರಿನ ಮಹನೀಯರು

ಜರ್ಮನರಲ್ಲಿ ವೃತ್ತಿಮೂಲವಾದ ಕುಲನಾಮಗಳು ಹೇರಳವಾಗಿದ್ದು, ಅವುಗಳಲ್ಲೆಲ್ಲ ಅತ್ಯಂತ ವ್ಯಾಪಕವಾದುದು ಮ್ಯೂಲರ್ ಎಂಬುದು. ಹೊಳೆಯ ನೀರಿನ ಬಲದಿಂದ ಧಾನ್ಯವನ್ನು ಬೀಸುವ ಗಿರಣಿಗಳು ಊರೂರಿನಲ್ಲಿಯೂ ಇದ್ದ ಮಧ್ಯಯುಗದಲ್ಲಿ ಆ ಗಿರಣಿಗಾರರಿಗೆ ಸಂದ ಈ ಹೆಸರು, ಅವರ ಸಂತತಿಯವರು ಬೇರೆ ಕಸುಬುಗಳನ್ನು ಹಿಡಿದ ಮೇಲೆಯೂ ಉಳಿದುಬಂದಿತು. ಆದಕಾರಣ ಇಬ್ಬರು ಮ್ಯೂಲರರನ್ನು ಕಂಡ ಮಾತ್ರಕ್ಕೆ ದಾಯಾದಿಗಳೆಂದು ಭಾವಿಸುವುದು ಸಲ್ಲದು. ರಕ್ತಸಂಬಂಧವಿಲ್ಲದೆಡೆಯಲ್ಲಿ ವಿದ್ಯಾಸಂಬಂಧವು ಅವರನ್ನು ಬೆಸೆದಿರುವುದುಂಟು.

ಪಾದರಕ್ಷೆ ಮಾಡುವವನೊಬ್ಬನ ಮಗನಾಗಿ 1801ರಲ್ಲಿ ಕೊಬ್ಲೆಂಟ್ಸ್ ನಗರದಲ್ಲಿ ಜನಿಸಿದ ಯೋಹಾನೆಸ್ ಮ್ಯೂಲರ್, ಬರ್ಲಿನ್ನಿನಲ್ಲಿ ಶರೀರಶಾಸ್ತ್ರದ ಆಚಾರ್ಯನಾಗಿ, ಕಣ್ಣಿನ ನರವನ್ನು ಯಾವ ವಿಧದಿಂದ ಪ್ರಚೋದಿಸಿದರೂ ಅದು ಬೆಳಕಿನ ಅನುಭವವನ್ನೇ ಕೊಡುವುದೆಂಬ ತತ್ತ್ವವನ್ನು ಪ್ರತಿಪಾದಿಸಿದನು. ವಿರ್ಖೊ, ಹೆಲ್ಮ್‌ಹೋಲ್ಟ್ಸ್ ಮೊದಲಾದ ಧೀಮಂತರು ಅವನ ಶಿಷ್ಯರು.

ಬರ್ಲಿನ್ನಿನಲ್ಲಿ ಅವನ ಬಳಿ ಕಲಿತವರಲ್ಲಿ ಫ್ರಿಟ್ಸ್ ಮ್ಯೂಲರ್ (1822–1897) ಒಬ್ಬನು. ನನ್ನ ದೃಷ್ಟಿಯಲ್ಲಿ ಈ ಹೆಸರಿನವರೊಳಗೆ ಅತ್ಯಂತ ಗೌರವಾರ್ಹನಾದವನು ಇವನೇ. ತನ್ನ ಅಂತಃಕರಣವು ಒಪ್ಪದ ಕ್ರೈಸ್ತ ಪ್ರಮಾಣವಚನವನ್ನು ಉಚ್ಚರಿಸಲಾರೆನೆಂದು ವೈದ್ಯಪದವಿಯನ್ನೇ ತೊರೆದು, 1852ರಲ್ಲಿ ಬ್ರೆಜಿಲ್ ದೇಶಕ್ಕೆ ತೆರಳಿ, ಬ್ಲೂಮೆನೌ ಎಂಬ ಹೊಸ ವಸತಿಯಲ್ಲಿ ಕಾಡು ಕಡಿದು ಬೇಸಾಯ ಮಾಡುತ್ತಲೂ, ಬಳಿಕ ಕಡಲತೀರದ ಪಟ್ಟಣವೊಂದರಲ್ಲಿ ಪಾಠ ಹೇಳುತ್ತಲೂ ಅವನು ಸಿಗಡಿ ಏಡಿಗಳ ಮರಿಗಳು ಬೆಳೆಯುವ ಕ್ರಮವನ್ನು ಪರಿಶೀಲಿಸಿದನು. ಡಾರ್ವಿನ್ನನ ಸಿದ್ಧಾಂತಕ್ಕೆ ಅದರಿಂದ ದೊರೆತ ಸಮರ್ಥನೆಯನ್ನು 1864ರಲ್ಲಿ ಪುಸ್ತಕರೂಪದಲ್ಲಿ ಪ್ರಕಟಿಸಲು, ಡಾರ್ವಿನ್ನನು ಅದನ್ನು ಸ್ವಂತ ವೆಚ್ಚದಲ್ಲಿ ಇಂಗ್ಲಿಷಿಗೆ ತರಿಸಿದನು. ಹಕ್ಕಿಗಳಿಗೆ ರುಚಿಸದ ಎರಡು ಬೇರೆ ಜಾತಿಯ ಚಿಟ್ಟೆಗಳು ಒಂದೇ ಬಣ್ಣಬೆಡಗನ್ನು ತಳೆದಿರುವುದೇಕೆಂಬ ಪ್ರಶ್ನೆಗೂ ಇವನೇ ಉತ್ತರವಿತ್ತನು: ಅನನುಭವಿಯಾದ ಹಕ್ಕಿಯು ಆ ಬಣ್ಣವನ್ನು ತಿರಸ್ಕರಿಸಲು ಕಲಿಯುವಷ್ಟರಲ್ಲಿ ಕೆಲವು ಚಿಟ್ಟೆಗಳು ಬಲಿಯಾಗಲೇಬೇಕಾಗಿರುವುದರಿಂದ, ವೇಷವು ಒಂದೇ ಆದಲ್ಲಿ ಆ ನಷ್ಟವು ಎರಡು ಜಾತಿಗಳಿಗೂ ಹಂಚಿಹೋಗುತ್ತದೆ. ಹೂಗಳ ಪರಾಗಸ್ಪರ್ಶದಲ್ಲಿ ಕೀಟಗಳ ಪಾತ್ರವನ್ನು ಕುರಿತು 1873ರಲ್ಲಿ ಗ್ರಂಥ ಬರೆದ ಹೆರ್ಮನ್ ಮ್ಯೂಲರ್ ಇವನ ಸೋದರನೇ.

ಭಾರತೀಯರಿಗೆ ಸುಪರಿಚಿತನಾದ ಮ್ಯಾಕ್ಸ್ ಮ್ಯೂಲರ್ (1823–1900) ಬೇರೆ ವಂಶದವನು. ಶೂಬರ್ಟನು ರಾಗ ಸಂಯೋಜಿಸಿದ ಗೀತಗಳ ಕವಿ ವಿಲ್ಹೆಲ್ಮ್ ಮ್ಯೂಲರನ ಮಗನು. 1849ರಿಂದ 1874ರವರೆಗೆ ಆರು ಸಂಪುಟಗಳಲ್ಲಿ ಅವನು ಹೊರತಂದ ಋಗ್ವೇದದೊಡನೆ ಅಚ್ಚಾದುದು, ಹದಿನಾಲ್ಕನೆಯ ಶತಮಾನದಲ್ಲಿ ವಿಜಯನಗರದ ಅರಸರ ಆಶ್ರಯದಲ್ಲಿ ರಚಿತವಾದ ಸಾಯಣಾಚಾರ್ಯರ ಭಾಷ್ಯ. ನಮ್ಮ ನಾಡಿನ ವಿದ್ವತ್ತಿಗೆ ಇವನಿಂದ ಸಂದ ಸೇವೆಯು ಚಿರಸ್ಮರಣೀಯವಾದುದು.

ಡಿ.ಡಿ.ಟಿ.ಯ ಕೀಟನಾಶಕ ಶಕ್ತಿಯನ್ನು ಕಂಡುಹಿಡಿದು 1948ರಲ್ಲಿ ನೊಬೆಲ್ ಪಾರಿತೋಷಕ ಪಡೆದ ಪೌಲ್ ಮ್ಯೂಲರ್ ಸ್ವಿಟ್ಜರ್ಲೆಂಡಿನವನು. 2009ರಲ್ಲಿ ಸಾಹಿತ್ಯಕ್ಕಾಗಿ ಅದೇ ಗೌರವಕ್ಕೆ ಪಾತ್ರಳಾದ ಹೆರ್ಟಾ ಮ್ಯೂಲರ್ ರುಮೇನಿಯಾದ ಜರ್ಮನ್ ಮಾತಿನ ಹಳ್ಳಿಯೊಂದರಲ್ಲಿ ಹುಟ್ಟಿದವಳು. ಗ್ರಂಥಭಂಡಾರಗಳಲ್ಲಿ ಈ ಹೆಸರನ್ನು ಅರಸುವ ವಾಚಕರು ಅಂಕಿತನಾಮವನ್ನೂ ಜನನವರ್ಷವನ್ನೂ ತಪ್ಪದೆ ನೋಡಿಕೊಳ್ಳಬೇಕು. ಏಕೆಂದರೆ ಯೋಹಾನೆಸ್ ಮ್ಯೂಲರ್ ಎಂಬ ಹೆಸರಿನಿಂದಲೇ, 1436ರಲ್ಲಿ ಜನಿಸಿ ರೆಗಿಯೊಮೊಂಟಾನಸ್ ಎಂದು ವಿಖ್ಯಾತನಾದ ಖಗೋಳಜ್ಞನೊಬ್ಬನೂ ಇದ್ದಾನೆ.