ಹೊಸಬರು ಜಾಲತಾಣದ ತಂತ್ರಾಂಶವನ್ನು ಆರಿಸಿಕೊಳ್ಳುವ ಬಗೆ

ಜಾಲತಾಣವೊಂದನ್ನು ಕಟ್ಟುವುದು ಕೆಲವು ವರ್ಷಗಳ ಹಿಂದೆ ಆ ವಿದ್ಯೆಯನ್ನು ಬಲ್ಲವರಿಗೆ ಮಾತ್ರ ಸಾಧ್ಯವಾಗಿತ್ತು. ಈಗ ಬರೆಹವನ್ನೂ ಚಿತ್ರಗಳನ್ನೂ ಪರದೆಯ ಮೇಲೆ ಬೇಕಾದೆಡೆಗೆ ಎಳೆದು ಕೂರಿಸಿದರೆ ತಾಣವನ್ನು ಸಿದ್ಧಮಾಡಿಕೊಡುವ ತಂತ್ರಾಂಶಗಳು ಹತ್ತಾರು ಬಂದಿವೆ. ಕಟ್ಟುವ ಕಷ್ಟ ಕಡಮೆಯಾಗಿ ಆರಿಸುವ ಕಷ್ಟ ಹೆಚ್ಚಿದೆಯೆನ್ನಬಹುದು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಲು ಹತ್ತಿದವಳು ನಾನೇ ಮೊದಲು. ಆದುದರಿಂದ 'ಬಿ.ಎ. ಓದುವ ಹುಡುಗಿಗೆ ಇಷ್ಟು ತಿಳಿಯದೆ ಇದ್ದೀತೆ' ಎಂದು ನಂಟರೂ ನೆರೆಯವರೂ ಇಂಥ ಪ್ರಶ್ನೆಗಳನ್ನು ನನ್ನ ಬಳಿಗೆ ತರುವುದುಂಟು. ಹೀಗೆ ಬಂದ ಎರಡು ಕೋರಿಕೆಗಳಿಗೂ, ನಾವು ಕೆಲವರು ಸಹಪಾಠಿಗಳೇ ಕೈಗೊಂಡ ಒಂದು ಕೆಲಸಕ್ಕೂ ಉತ್ತರ ಹುಡುಕುವಾಗ ತಿಳಿದುಬಂದ ಸಂಗತಿಗಳನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಒಂದು ವಿಷಯವನ್ನು ಬಿಡಿಸಿ ಹೇಳಬೇಕು. ಜಾಲತಾಣಕ್ಕೆ ಒಂದು ಹೆಸರು ಬೇಕು. ಅದರ ಕಡತಗಳು ಕೂತಿರಲು ಹಗಲಿರುಳೂ ನಡೆಯುತ್ತಿರುವ ಕಂಪ್ಯೂಟರೊಂದರಲ್ಲಿ ಜಾಗ ಬೇಕು. ಪುಟಗಳನ್ನು ಜೋಡಿಸಲು ತಂತ್ರಾಂಶ ಬೇಕು. ಈ ಮೂರನ್ನೂ ಒಬ್ಬರಿಂದಲೇ ಪಡೆಯಬಹುದು, ಬೇರೆ ಬೇರೆಯವರಿಂದಲೂ ಪಡೆಯಬಹುದು. ಹೊಸಬರು ಸಾಮಾನ್ಯವಾಗಿ ಮೂರನ್ನೂ ಒಂದೆಂದು ಭಾವಿಸಿ, ತೋರಿಸಿದ ಮಾದರಿಗಳ ಅಂದಕ್ಕೆ ಮಾರುಹೋಗುತ್ತಾರೆ. ನನ್ನ ಅಭಿಪ್ರಾಯದಲ್ಲಿ ಮೊದಲು ಕೇಳಬೇಕಾದ ಪ್ರಶ್ನೆಯೇ ಬೇರೆ: ನಾಳೆ ಈ ತಂತ್ರಾಂಶವನ್ನು ಬಿಡಬೇಕಾಗಿ ಬಂದರೆ ನಾನು ಏನನ್ನು ಹೊತ್ತುಕೊಂಡು ಹೊರಡಬಹುದು?

ಈ ಪ್ರಶ್ನೆ ಅತಿಶಂಕೆಯೆಂದು ತೋರಬಹುದು. ಆದರೆ ಜಿಯೋಸಿಟೀಸ್ ಎಂಬ ಸೇವೆಯ ಕಥೆಯನ್ನು ನೋಡಿ. 1994ರಲ್ಲಿ ಆರಂಭವಾದ ಅದು ಜನಸಾಮಾನ್ಯರಿಗೆ ಪುಕ್ಕಟೆಯಾಗಿ ಪುಟಗಳನ್ನು ಕೊಡುತ್ತಿತ್ತು. ಯಾಹೂ ಸಂಸ್ಥೆ 1999ರಲ್ಲಿ ಅದನ್ನು ಕೊಂಡುಕೊಂಡಿತು. 2009ರಲ್ಲಿ ಜಪಾನೊಂದನ್ನುಳಿದು ಉಳಿದೆಡೆಯೆಲ್ಲ ಮುಚ್ಚಿತು. ಲಕ್ಷಾಂತರ ಪುಟಗಳು ಒಮ್ಮೆಗೇ ಇಲ್ಲವಾದುವು. ಕೆಲವು ಉತ್ಸಾಹಿಗಳು ಪ್ರತಿಮಾಡಿಟ್ಟುಕೊಂಡದ್ದಷ್ಟೇ ಉಳಿಯಿತು. ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಗೂಗಲ್ ತನ್ನ ವ್ಯಾಪಾರಿ ಖಾತೆಯೊಡನೆ ಸಣ್ಣ ಅಂಗಡಿಗಳಿಗೆ ಒಂದೊಂದು ಪುಟದ ಉಚಿತ ತಾಣವನ್ನು ಕೊಡುತ್ತಿತ್ತು. 2024ರ ಮಾರ್ಚಿಯಲ್ಲಿ ಅವೆಲ್ಲವನ್ನೂ ನಿಲ್ಲಿಸಿತು. ದೊಡ್ಡ ಸಂಸ್ಥೆಯದು, ಶಾಶ್ವತವಾಗಿರುತ್ತದೆ ಎಂಬ ನಂಬಿಕೆಗೆ ಹೆಚ್ಚಿನ ಆಧಾರವಿಲ್ಲ.

ಇನ್ನು ಕೋರಿಕೆಗಳ ವಿಚಾರ. ಮೊದಲನೆಯವರು ನಂಜನಗೂಡಿನಲ್ಲಿ ಪೂಜಾಸಾಮಗ್ರಿಯ ಅಂಗಡಿ ಇಟ್ಟವರು. ಅವರಿಗೆ ತಾಣವೇ ಬೇಡವೆಂದು ಹೇಳಿದೆ. ಶ್ರೀಕಂಠೇಶ್ವರನ ದರ್ಶನಕ್ಕೆ ಬಂದವರು ಫೋನಿನ ನಕ್ಷೆಯಲ್ಲಿ ಅಂಗಡಿಯನ್ನು ಹುಡುಕುತ್ತಾರೆ. ಆ ನಕ್ಷೆಯಲ್ಲಿ ಹೆಸರು, ಬಾಗಿಲು ತೆರೆಯುವ ವೇಳೆ, ಫೋನ್ ಸಂಖ್ಯೆ ಇದ್ದರೆ ಸಾಕು. ಅದಕ್ಕೆ ಕಾಸಿನ ಖರ್ಚಿಲ್ಲ. ಅವರಿಗೆ ಸ್ವಲ್ಪ ನಿರಾಶೆಯಾಯಿತೆಂದು ಕಾಣುತ್ತದೆ.

ಎರಡನೆಯವರು ತಿರುಮಕೂಡಲು ನರಸೀಪುರದಲ್ಲಿರುವ ನನ್ನ ಸೋದರಮಾವನವರು. ಕಾವೇರಿ ಕಪಿಲೆಯರ ಸಂಗಮಕ್ಕೆ ಬರುವವರಿಗೆ ಇಳಿದುಕೊಳ್ಳಲು ಎರಡು ಕೋಣೆಗಳನ್ನು ಕೊಡುತ್ತಾರೆ. ಅಲ್ಲಿ 1989ರಿಂದ ಮೂರು ವರ್ಷಕ್ಕೊಮ್ಮೆ ಕುಂಭಮೇಳ ನಡೆದುಬಂದಿದೆ. 2025ರ ಫೆಬ್ರವರಿಯಲ್ಲಿಯೂ ಜರುಗಿತು. ಅದೇ ತಾಲ್ಲೂಕಿನ ಸೋಮನಾಥಪುರದ ದೇವಾಲಯವು 2023ರಲ್ಲಿ ಬೇಲೂರು ಹಳೇಬೀಡುಗಳೊಡನೆ ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿದೆ. ಹೊರಊರಿನವರು ಮೊದಲೇ ವಿಚಾರಿಸಿಕೊಂಡು ಬರುವುದರಿಂದ ಮಾವನವರಿಗೆ ನಾಲ್ಕು ಪುಟದ ತಾಣದಿಂದ ಪ್ರಯೋಜನವುಂಟು.

ಇಂಥವರಿಗೆ ಎರಡು ದಾರಿಗಳಿವೆ. ಒಂದು ಗೂಗಲ್ ಸೈಟ್ಸ್. ಪತ್ರ ಟೈಪು ಮಾಡಬಲ್ಲವರು ಒಂದು ಮಧ್ಯಾಹ್ನದಲ್ಲಿ ಇದನ್ನು ಕಲಿಯಬಹುದು. ನಕ್ಷೆಯನ್ನೂ, ವಿಚಾರಣೆಯ ನಮೂನೆಯನ್ನೂ ಸೇರಿಸಬಹುದು. ಅಲಂಕಾರ ಕಡಮೆ, ಅಂಗಡಿ ನಡೆಸುವ ಅನುಕೂಲವಿಲ್ಲ; ಆದರೆ ಖರ್ಚೂ ಇಲ್ಲ. ಇನ್ನೊಂದು ವಿಕ್ಸ್‌ನಂಥ ಬಾಡಿಗೆಯ ಸೇವೆಗಳು. 2006ರಲ್ಲಿ ಇಸ್ರೇಲಿನಲ್ಲಿ ಆರಂಭವಾದ ವಿಕ್ಸ್‌ನಲ್ಲಿ ಮಾದರಿಗಳು ಬಹಳ ಚೆಲುವಾಗಿವೆ, ಕೆಲಸವೂ ಸುಲಭ. ಆದರೆ ಅಲ್ಲಿ ಕಟ್ಟಿದ ತಾಣವು ಅವರ ಕಂಪ್ಯೂಟರುಗಳಲ್ಲಿಯೇ ಇರಬೇಕು. ಇದ್ದಂತೆಯೇ ಎತ್ತಿ ಬೇರೆ ಕಡೆ ಇಡುವಂತಿಲ್ಲ. ವಾರಕ್ಕೆ ಜಮೀನು ಮಾಡಿದವನು ಅದನ್ನು ಬಿಡುವಾಗ ಬಾಳೆಯ ತೋಟವನ್ನು ಹೊತ್ತೊಯ್ಯಲಾರ, ಕಂದುಗಳನ್ನಾದರೂ ಕಿತ್ತುಕೊಂಡು ಹೋಗಬಹುದು; ಇಲ್ಲಿ ಕಂದು ಎಂದರೆ ನಾವು ಬೇರೆಯಾಗಿ ತೆಗೆದಿಟ್ಟುಕೊಂಡ ಬರೆಹ ಮತ್ತು ಚಿತ್ರಗಳು. ಮೊದಲ ವರ್ಷದ ದರವನ್ನು ನೋಡಿ ಹಿಗ್ಗದೆ, ಎರಡನೆಯ ವರ್ಷದ ದರವನ್ನು ಓದುವುದು ಒಳ್ಳೆಯದು. ಮಾವನವರು ಗೂಗಲ್ ಸೈಟ್ಸನ್ನೇ ಆರಿಸಿಕೊಂಡರು.

ಹೆಸರಿನ ವಿಷಯದಲ್ಲಿ ಮಾತ್ರ ನಾನು ಹಟ ಹಿಡಿದೆ. '.ಇನ್' ಎಂದು ಕೊನೆಗೊಳ್ಳುವ ಹೆಸರಿಗೆ ವರ್ಷಕ್ಕೆ ಕೆಲವು ನೂರು ರೂಪಾಯಿಗಳಾಗುತ್ತದೆ. ಅದು ನಮ್ಮದಾಗಿದ್ದರೆ ತಂತ್ರಾಂಶವನ್ನು ಎಷ್ಟು ಸಲ ಬದಲಿಸಿದರೂ ಜನ ಅದೇ ವಿಳಾಸಕ್ಕೆ ಬರುತ್ತಾರೆ. ಮಾವನವರ ಪರಿಚಿತರೊಬ್ಬರಿಗೆ ತಾಣ ಕಟ್ಟಿಕೊಟ್ಟವನು ಆ ಹೆಸರನ್ನು ತನ್ನ ಖಾತೆಯಲ್ಲಿಯೇ ನೋಂದಾಯಿಸಿಕೊಂಡಿದ್ದ. ಮರುವರ್ಷ ಕೇಳಿದಷ್ಟು ಹಣ ಕೊಡದಿದ್ದರೆ ವಿಳಾಸವೇ ಇಲ್ಲವೆಂದ. ಪಾಪ, ಆ ವಿಳಾಸವನ್ನು ಅವರು ಬೋರ್ಡಿನ ಮೇಲೂ ಬರೆಸಿಬಿಟ್ಟಿದ್ದರು. ಕಟ್ಟುವವರು ಯಾರೇ ಆಗಲಿ, ಹೆಸರು ಮಾತ್ರ ನಮ್ಮ ಮಿಂಚಂಚೆ, ನಮ್ಮ ಫೋನ್ ಸಂಖ್ಯೆಗಳ ಮೇಲೆ ನೋಂದಣಿಯಾಗಬೇಕು.

ಮೂರನೆಯದು ನಮ್ಮದೇ ಕೆಲಸ. ಈ ಎರಡು ತಾಲ್ಲೂಕುಗಳ ನಡುವಣ ಹಳ್ಳಿಗಳಲ್ಲಿ ಮುದುಕಿಯರು ಹೇಳುವ ಸೋಬಾನೆಯ ಪದಗಳನ್ನೂ, ನೀಲಗಾರರು ಹಾಡುವ ಮಂಟೇಸ್ವಾಮಿಯ ಕಥೆಯ ಭಾಗಗಳನ್ನೂ ನಾವು ಐವರು ಬರೆದುಕೊಂಡಿದ್ದೇವೆ. ಹಾಡಿದವರಲ್ಲಿ ಇಬ್ಬರು ಈಗ ಇಲ್ಲ. ಹೀಗಿರಲು, ಕೋಣೆಯ ಬಾಡಿಗೆಯನ್ನು ತಿಳಿಸುವ ತಾಣ ಕೆಟ್ಟರೆ ಮತ್ತೊಮ್ಮೆ ಬರೆಯಬಹುದು. ಈ ಹಾಡುಗಳನ್ನು ಮತ್ತೆ ಯಾರ ಬಾಯಿಂದ ಬರೆದುಕೊಳ್ಳೋಣ?

ಇದಕ್ಕಾಗಿ ನಾವು ವರ್ಡ್‌ಪ್ರೆಸ್ಸನ್ನು ಆರಿಸಿದೆವು. ಅದರ ಹುಟ್ಟಿನಲ್ಲಿಯೇ ಒಂದು ಪಾಠವಿದೆ. ಬಿ2 ಎಂಬ ತಂತ್ರಾಂಶವನ್ನು ಬರೆದವರು ಅದನ್ನು ಮುಂದುವರಿಸುವುದನ್ನು ನಿಲ್ಲಿಸಿದಾಗ, ಬಳಸುತ್ತಿದ್ದವರು ಕೈಬಿಟ್ಟು ಕೂರಬೇಕಾಗಲಿಲ್ಲ. ಯಾರು ಬೇಕಾದರೂ ಪಡೆದು ತಿದ್ದಿಕೊಳ್ಳಬಹುದೆಂಬ ಕರಾರಿನಲ್ಲಿ ಅದರ ಮೂಲ ಬರೆಹ ಬಹಿರಂಗವಾಗಿತ್ತು. ಮ್ಯಾಟ್ ಮುಲ್ಲನ್‌ವೆಗ್, ಮೈಕ್ ಲಿಟಲ್ ಎಂಬಿಬ್ಬರು ಅದನ್ನೇ ಬೆಳೆಸಿ 2003ರ ಮೇ 27ರಂದು ವರ್ಡ್‌ಪ್ರೆಸ್ ಎಂಬ ಹೆಸರಿನಲ್ಲಿ ಹೊರತಂದರು. ಆಗ ಮುಲ್ಲನ್‌ವೆಗ್ 19 ವರ್ಷದ ಕಾಲೇಜು ವಿದ್ಯಾರ್ಥಿ! ಇಂದು ಲೋಕದ ಜಾಲತಾಣಗಳಲ್ಲಿ ನೂರಕ್ಕೆ ನಲವತ್ತಕ್ಕಿಂತ ಹೆಚ್ಚು ಇದರ ಮೇಲೆ ನಿಂತಿವೆ. ಇದರಲ್ಲಿರುವ ಬರೆಹಗಳನ್ನೆಲ್ಲ ಒಂದೇ ಕಡತವಾಗಿ ಇಳಿಸಿಕೊಂಡು ಬೇರೆ ಜಾಗಕ್ಕೆ ಒಯ್ಯಬಹುದು. ಒಂದು ಎಚ್ಚರಿಕೆ: ವರ್ಡ್‌ಪ್ರೆಸ್ ಡಾಟ್ ಆರ್ಗ್‌ನಲ್ಲಿ ಸಿಗುವುದು ತಂತ್ರಾಂಶ, ಜಾಗವನ್ನು ನಾವೇ ಹೊಂದಿಸಿಕೊಳ್ಳಬೇಕು, ಡಾಟ್ ಕಾಮ್ ಎಂಬುದು ಅದನ್ನೇ ಬಳಸಿ ಜಾಗವನ್ನೂ ಕೊಡುವ ಸೇವೆ, ಅದರ ಪುಕ್ಕಟೆ ತಾಣಗಳಲ್ಲಿ ಜಾಹೀರಾತುಗಳು ಬರುತ್ತವೆ. ಇದರ ದೋಷವನ್ನೂ ಮರೆಮಾಡಬಾರದು. ಕಾಲಕಾಲಕ್ಕೆ ಹೊಸ ಆವೃತ್ತಿಗೆ ಏರಿಸುತ್ತಿರಬೇಕು. ಕಂಡ ಕಂಡ ಪ್ಲಗಿನ್‌ಗಳನ್ನು ತುಂಬಿ ಮರೆತುಬಿಟ್ಟರೆ ಕಳ್ಳರು ನುಗ್ಗಲು ಕಿಂಡಿ ಬಿಟ್ಟಂತೆ. ಈ ಪಾಡು ಬೇಡವೆನ್ನುವವರು ಇದರ ಗೋಜಿಗೆ ಹೋಗದಿರುವುದೇ ಲೇಸು.

ಕನ್ನಡದ ತೊಡಕುಗಳನ್ನು ಇಂಗ್ಲಿಷಿನಲ್ಲಿ ಬರೆದ ಮಾರ್ಗದರ್ಶಿಗಳು ಹೇಳುವುದಿಲ್ಲವಾದ್ದರಿಂದ ಇಲ್ಲಿ ವಿವರವಾಗಿಯೇ ಹೇಳುತ್ತೇನೆ. ನಮ್ಮ ಹಾಡುಗಳಲ್ಲಿ ಅರ್ಧದಷ್ಟು ನುಡಿಯ ಹಳೆಯ ಅಕ್ಷರಶೈಲಿಯಲ್ಲಿ ಬೆರಳಚ್ಚಾಗಿದ್ದುವು. ಆ ಶೈಲಿಯಲ್ಲಿ ರೋಮನ್ ಅಕ್ಷರಗಳ ಸ್ಥಾನದಲ್ಲಿಯೇ ಕನ್ನಡದ ಆಕೃತಿಗಳನ್ನು ಕೂರಿಸಿರುತ್ತಾರೆ. ಹಾಗಾಗಿ ತಾಣಕ್ಕೆ ಅಂಟಿಸಿದೊಡನೆ ಚುಕ್ಕೆ, ಗೆರೆ ಹೊತ್ತ ರೋಮನ್ ಅಕ್ಷರಗಳ ರಾಶಿಯೇ ಕಾಣುತ್ತದೆ. ತಾಣಕ್ಕೆ ಬೇಕಾದದ್ದು ಯೂನಿಕೋಡ್. ಅದರಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಿಂದಲೂ ಸ್ವಂತ ಸ್ಥಾನವಿದೆ. ಹಳೆಯ ಬರೆಹವನ್ನು ಮಾರ್ಪಡಿಸುವ ಪರಿವರ್ತಕಗಳು ಪುಕ್ಕಟೆಯಾಗಿ ದೊರೆಯುತ್ತವೆ. ಆದರೂ ಅರ್ಕಾವೊತ್ತು ಬಂದೆಡೆಯಲ್ಲೆಲ್ಲ ಕಣ್ಣಿಟ್ಟು ತಿದ್ದಬೇಕಾಯಿತು.

ಎರಡನೆಯ ತೊಡಕು ಸಾಲುಗಳ ನಡುವಣ ಅಂತರದ್ದು. ಹೆಚ್ಚಿನ ಮಾದರಿಗಳನ್ನು ಇಂಗ್ಲಿಷಿನ ಅಳತೆಗೆ ಮಾಡಿರುವುದರಿಂದ ನಮ್ಮ ಒತ್ತಕ್ಷರಗಳು ಕೆಳಗಿನ ಸಾಲಿನ ಗುಡಿಸುಗಳಿಗೆ ತಗಲುತ್ತವೆ, ತಲೆಬರೆಹಗಳಲ್ಲಿ ಒಮ್ಮೊಮ್ಮೆ ಕತ್ತರಿಸಿಯೇ ಹೋಗುತ್ತವೆ. ಆದ್ದರಿಂದ ಆರಿಸುವ ತಂತ್ರಾಂಶವು ಸಾಲಿನ ಅಂತರವನ್ನು ಹೆಚ್ಚಿಸಲೂ, ನೋಟೋ ಸೆರಿಫ್ ಕನ್ನಡದಂಥ ಉಚಿತ ಅಕ್ಷರಶೈಲಿಯನ್ನು ಸೇರಿಸಲೂ ಅವಕಾಶ ಕೊಡುತ್ತದೆಯೇ ಎಂದು ಮೊದಲೇ ನೋಡಬೇಕು. ಇನ್ನು ಪುಟದ ವಿಳಾಸ. ಅದನ್ನು ಕನ್ನಡದಲ್ಲಿ ಬರೆದರೆ ಪ್ರತಿ ಮಾಡುವಾಗ ಒಂದೊಂದು ಚಿಹ್ನೆಯೂ ಶೇಕಡಾ ಗುರುತುಗಳೊಡನೆ 9 ಚಿಹ್ನೆಗಳಾಗಿ ಹಿಗ್ಗುತ್ತದೆ; 'ಮಂಟೇಸ್ವಾಮಿ' ಎಂಬ ಹೆಸರೊಂದೇ 90 ಆಗುತ್ತದೆ. ವರ್ಡ್‌ಪ್ರೆಸ್‌ನಲ್ಲಿ ಆ ಭಾಗಕ್ಕೆ 200ರ ಮಿತಿಯಿರುವುದರಿಂದ ಉದ್ದನೆಯ ಶೀರ್ಷಿಕೆಯ ಬಾಲ ತುಂಡಾಗುತ್ತದೆ. ನಾವು ವಿಳಾಸವನ್ನು ಚಿಕ್ಕದಾಗಿ ರೋಮನ್ ಲಿಪಿಯಲ್ಲಿಟ್ಟು ಉಳಿದದ್ದನ್ನೆಲ್ಲ ಕನ್ನಡದಲ್ಲಿಟ್ಟೆವು. ಇದು ಕೆಲವರಿಗೆ ಒಪ್ಪಿಗೆಯಾಗಲಿಲ್ಲ. ನನಗೂ ಪೂರ್ತಿ ಒಪ್ಪಿಗೆಯಿಲ್ಲ.

ಆರಿಸುವ ಮುನ್ನ ಪುಕ್ಕಟೆ ಖಾತೆಯಲ್ಲಿ ಒಂದೇ ಒಂದು ಪುಟ ಮಾಡಿ, ಅದನ್ನು ಹಳ್ಳಿಯಲ್ಲಿ, ಅಗ್ಗದ ಫೋನಿನಲ್ಲಿ ತೆರೆದು ನೋಡುವುದು ಉಪಯುಕ್ತ. ಕಾಲೇಜಿನ ಕಂಪ್ಯೂಟರಿನಲ್ಲಿ ಕ್ಷಣದಲ್ಲಿ ಮೂಡಿದ ಪುಟವು ನಮ್ಮೂರ ಜಗುಲಿಯ ಮೇಲೆ ಎಲೆಯಡಿಕೆ ಹಾಕಿಕೊಳ್ಳುವಷ್ಟು ಹೊತ್ತು ತೆಗೆದುಕೊಂಡಿತು. ದೊಡ್ಡ ಚಿತ್ರಗಳನ್ನು ಕುಗ್ಗಿಸಿದ ಮೇಲೆ ಸರಿಹೋಯಿತು.

ಪರೀಕ್ಷೆ ಮುಗಿದೊಡನೆ ನಾವೈವರೂ ಕಾಲೇಜನ್ನು ಬಿಡುತ್ತೇವೆ. ತಾಣದ ಹೆಸರು, ನವೀಕರಣದ ದಿನಾಂಕ, ಗುಪ್ತಪದ ಇವನ್ನು ಬರೆದ ಲಕೋಟೆಯನ್ನೂ, ಎಲ್ಲ ಹಾಡುಗಳ ಪ್ರತಿಯುಳ್ಳ ಪೆನ್‌ಡ್ರೈವನ್ನೂ ಕನ್ನಡ ವಿಭಾಗದ ಬೀರುವಿನಲ್ಲಿ ಇರಿಸಿದ್ದೇವೆ. ಎರಡನೆಯ ವರ್ಷದ ತರಗತಿಯ ಇಬ್ಬರು ಮುಂದೆ ಬಂದಿದ್ದಾರೆ. ಕಳೆದ ವಾರ ಅವರು ನಮ್ಮ ಸಹಾಯವಿಲ್ಲದೆ ಒಂದು ಪದವನ್ನು ಸೇರಿಸಿ, ಒಂದು ಕಾಗುಣಿತದ ತಪ್ಪನ್ನೂ ತಿದ್ದಿದರು.